ಕಾವೇರಿಯ ಕಟ್ಟೆಗಳು

ಕಾವೇರಿಯ ಮಹಿಮೆಯನ್ನು ಪುರಾಣದ ಮೂಲಕ ಬಲ್ಲವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಗಸ್ತ್ಯರ ಕಮಂಡಲುವನ್ನಾಗಲಿ ತಲಕಾವೇರಿಯ ತುಲಾ ಸಂಕ್ರಮಣವನ್ನಾಗಲಿ ಕುರಿತು ನಾನು ಈಗ ಹೇಳಹೊರಟಿಲ್ಲ. ಈ ನದಿಯ ನೀರನ್ನು ಮನುಷ್ಯನು ಹೇಗೆ ಕೈವಶ ಮಾಡಿಕೊಂಡನು, ಅದರಿಂದ ಬಂದ ಲಾಭವೇನು, ಲಾಭದ ಬೆನ್ನಿಗೇ ಬಂದ ತೊಡಕೇನು ಎಂಬುದೇ ಇಂದಿನ ವಿಷಯ. ವಿಷಯ ದೊಡ್ಡದು, ಆದುದರಿಂದ ಶ್ರೀರಂಗಪಟ್ಟಣದ ಸುತ್ತಣ ಸೀಮೆಯನ್ನೇ ಮುಖ್ಯವಾಗಿ ಹಿಡಿದುಕೊಳ್ಳುತ್ತೇನೆ.

ಮೈಸೂರು ಸೀಮೆಯಲ್ಲಿ ಕಾವೇರಿ ಬಂಡೆಗಳ ನಡುವೆ ತಗ್ಗಾದ ಪಾತ್ರದಲ್ಲಿ ಹರಿಯುತ್ತದೆ. ದಡದಲ್ಲಿ ನಿಂತ ರೈತನಿಗೆ ನೀರು ಕಣ್ಣಿಗೆ ಕಾಣುವುದೇ ಹೊರತು ಗದ್ದೆಗೆ ತಾನಾಗಿ ಏರದು. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಅಣೆಕಟ್ಟು. ಹೊಳೆಗೆ ಅಡ್ಡಲಾಗಿ, ಬಹುಮಟ್ಟಿಗೆ ಓರೆಯಾಗಿ, ಕಲ್ಲಿನ ಗಿಡ್ಡ ಕಟ್ಟೆಯೊಂದನ್ನು ಹಾಕಿ, ಅದರ ಒಂದು ತುದಿಯಲ್ಲಿ ತೂಬನ್ನಿಟ್ಟು ನಾಲೆಯನ್ನು ತೆಗೆಯುವುದು. ಹೊಳೆ ಬೇಗ ಇಳಿಯುತ್ತದೆ, ನಾಲೆ ನಿಧಾನವಾಗಿ ಇಳಿಯುತ್ತದೆ; ಕೆಲವು ಮೈಲಿ ಸಾಗುವುದರೊಳಗೆ ನಾಲೆ ಹೊಳೆಗಿಂತ ಎತ್ತರದಲ್ಲಿರುತ್ತದೆ. ಎರಡರ ನಡುವಿನ ನೆಲವೆಲ್ಲ ಗದ್ದೆ. ಗುಟ್ಟು ಇಷ್ಟೇ. ಆದರೆ ಮಟ್ಟ ನೋಡುವ ಇಂದಿನ ಉಪಕರಣಗಳಿಲ್ಲದ ಕಾಲದಲ್ಲಿ ನೆಲದ ಏರಿಳಿತವನ್ನು ಅನುಸರಿಸಿ ಮೈಲಿಗಟ್ಟಲೆ ನಾಲೆ ತೋಡಿದವರ ಕಣ್ಣಳತೆ ಸಾಮಾನ್ಯವಾದುದಲ್ಲ. ಅವರ ಹೆಸರುಗಳು ನಮಗೆ ಉಳಿದಿಲ್ಲ. ಉಳಿದಿರುವುದು ಮಾಡಿಸಿದ ದೊರೆಗಳ ಹೆಸರು ಮಾತ್ರ.

1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆಯ ನೀರನ್ನು ಮೇಲ್ಗಾಲುವೆಯ ಮೂಲಕ ಹೊಳೆಯ ಕವಲೊಂದನ್ನು ದಾಟಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ತಂದರು. ಹೊಳೆಯ ಮೇಲೆ ಹೊಳೆಯ ನೀರನ್ನೇ ಹರಿಸಿದ ಈ ಕೆಲಸವನ್ನು ಪಟ್ಟಣಕ್ಕೆ ಹೋದವರು ಕೋಟೆ ಗುಂಬಜುಗಳನ್ನು ನೋಡುವ ಅವಸರದಲ್ಲಿ ಗಮನಿಸುವುದೇ ಇಲ್ಲ. ಚಿಕ್ಕದೇವರಾಜ ಒಡೆಯರ (1673–1704) ಹೆಸರನ್ನು ಹೊತ್ತ ನಾಲೆಯೂ, ಬಲಮುರಿ ಕಟ್ಟೆಯಿಂದ ಹೊರಡುವ ವಿರಿಜಾ ನಾಲೆಯೂ ಈ ಸೀಮೆಯವೇ. ನಾಲೆಯ ನೀರು ಯಾವ ಗದ್ದೆಗೆ ಯಾವಾಗ ಎಂಬುದನ್ನು ನಡೆಸುತ್ತಿದ್ದವನು ಊರಿನ ನೀರುಗಂಟಿ. ಅವನಿಗೆ ಸಲ್ಲುತ್ತಿದ್ದುದು ಕಣದಲ್ಲಿ ಒಂದಿಷ್ಟು ಧಾನ್ಯ, ಕೆಲವು ಕಡೆ ತುಂಡು ಇನಾಮು ಭೂಮಿ. ಜಗಳವಿರಲಿಲ್ಲವೆಂದಲ್ಲ; ಆದರೆ ಆ ಜಗಳ ಊರೊಳಗೇ ತೀರುವಂಥದು.

ಈ ಹಳೆಯ ಕಟ್ಟೆಗಳ ಒಂದು ಲಕ್ಷಣವನ್ನು ಇಲ್ಲಿ ಗಮನಿಸಬೇಕು. ಅವು ನೀರನ್ನು ತಿರುಗಿಸುತ್ತಿದ್ದುವೇ ಹೊರತು ಕೂಡಿಡುತ್ತಿರಲಿಲ್ಲ. ಆಷಾಢ ಶ್ರಾವಣಗಳ ಪ್ರವಾಹ ಕಟ್ಟೆಯನ್ನು ಮುಳುಗಿಸಿ ಮುಂದಕ್ಕೆ ಹೋಗುತ್ತಿತ್ತು. ಕರಿಕಾಲ ಚೋಳನ ಹೆಸರಿನೊಡನೆ ಸೇರಿರುವ ಕಲ್ಲಣೆಯನ್ನು ಮುಟ್ಟಿ ತಂಜಾವೂರಿನ ಬಯಲನ್ನು ತಣಿಸುತ್ತಿತ್ತು. ಕಡು ಬೇಸಗೆಯಲ್ಲಿ ಮೇಲಿನವನಿಗೂ ಇಲ್ಲ, ಕೆಳಗಿನವನಿಗೂ ಇಲ್ಲ.

ಹೊಳೆಯನ್ನೇ ತಡೆದು ನಿಲ್ಲಿಸಬೇಕೆಂಬ ಯೋಚನೆ ಟಿಪ್ಪು ಸುಲ್ತಾನನಿಗೆ ಬಂದಿತ್ತು. ಹದಿನೆಂಟನೆಯ ಶತಮಾನದ ಕೊನೆಯ ದಶಕದ ಅವನ ಪಾರಸೀ ಶಾಸನವೊಂದು ಕನ್ನಂಬಾಡಿಯ ಬಳಿ ದೊರೆತಿದೆ. ಯುದ್ಧಗಳ ನಡುವೆ ಆ ಕಾರ್ಯ ಕೈಗೂಡಲಿಲ್ಲ. ಮುಂದೆ ಒಂದು ಶತಮಾನದ ಮೇಲೆ ಅದಕ್ಕೆ ಮತ್ತೆ ಚಾಲನೆ ದೊರೆತುದು, ಆಶ್ಚರ್ಯವೆಂದರೆ, ಗದ್ದೆಯ ದೆಸೆಯಿಂದ ಮಾತ್ರವಲ್ಲ, ಚಿನ್ನದ ದೆಸೆಯಿಂದ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ವಿದ್ಯುತ್ ಯೋಜನೆ 1902ರಲ್ಲಿ ಪೂರ್ತಿಯಾಗಿ, ಅಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರದ ಗಣಿಗಳಿಗೆ ಶಕ್ತಿ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆದರೆ ಗಣಿಯ ಯಂತ್ರ ಬೇಸಗೆಯೆಂದು ನಿಲ್ಲುವುದಿಲ್ಲ; ಹೊಳೆಯಾದರೋ ಬತ್ತುತ್ತದೆ. ವರ್ಷವಿಡೀ ಒಂದೇ ಸಮನಾಗಿ ನೀರು ಬೇಕಾದರೆ ಮಳೆಗಾಲದ ನೀರನ್ನು ಹಿಡಿದಿಡಲೇಬೇಕು.

1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ, ಕೃಷ್ಣರಾಜಸಾಗರದ ಕೆಲಸ ಪ್ರಾರಂಭವಾಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ ಈ ಅಣೆಕಟ್ಟು ಪೂರ್ತಿಯಾಗಲು ಸುಮಾರು 20 ವರ್ಷ ಹಿಡಿಯಿತು. ಇದರ ಬಲದಿಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಕಡೆಗೆ ಹೊರಟಿತು. ರಾಗಿಯ ಹೊಲಗಳಲ್ಲಿ ಕಬ್ಬು ಬಂದಿತು; 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಇಷ್ಟು ಅಲ್ಪಕಾಲದಲ್ಲಿ ಇಷ್ಟು ಬದಲಾದ ಸೀಮೆ ನಮ್ಮಲ್ಲಿ ವಿರಳ.

ಬೆಲೆ ತೆತ್ತವರೂ ಇದ್ದರು. ಕನ್ನಂಬಾಡಿ ಮುಳುಗಿತು; ಅಲ್ಲಿಯ ಜನ ಹೊಸ ನೆಲವನ್ನು ಹುಡುಕಿಕೊಂಡು ಹೋದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ನೀರು ತಗ್ಗಿದ ವರ್ಷಗಳಲ್ಲಿ ತಲೆಯೆತ್ತುತ್ತಿತ್ತು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದಾರೆ. ದೇವರಿಗೆ ಸಿಕ್ಕಷ್ಟು ಗಮನ ಆ ಒಕ್ಕಲುಗಳಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ನೀರನ್ನು ತಿರುಗಿಸುವವನ ಮೇಲೆ ಕೆಳಗಿನವನಿಗೆ ಬರುವ ಸಂಶಯಕ್ಕಿಂತ ಕೂಡಿಡುವವನ ಮೇಲೆ ಬರುವ ಸಂಶಯ ದೊಡ್ಡದು. ಮೈಸೂರಿಗೂ ಮದರಾಸಿಗೂ 1892ರಲ್ಲೇ ಒಂದು ಒಪ್ಪಂದವಾಗಿತ್ತು. ಸಾಗರದ ಪ್ರಮಾಣದ ವಿಷಯದಲ್ಲಿ ವಿವಾದ ಬೆಳೆದು, 1914ರ ಪಂಚಾಯತಿಯ ತೀರ್ಪಿಗೂ ಅದು ತಣಿಯದೆ, 1924ರ ಒಪ್ಪಂದದಲ್ಲಿ ನಿಂತಿತು. ಹತ್ತು ವರ್ಷದೊಳಗೆ, 1934ರಲ್ಲಿ, ಮದರಾಸೂ ಮೆಟ್ಟೂರಿನಲ್ಲಿ ತನ್ನ ಅಣೆಕಟ್ಟನ್ನು ಮುಗಿಸಿತು. ತಂಜಾವೂರಿನ ಕುರುವೈ ಬೆಳೆಗೆ ಜೂನ್ ತಿಂಗಳಲ್ಲೇ ನೀರು ಬೇಕು. ನಮ್ಮ ಸಾಗರ ಮುಖ್ಯವಾಗಿ ತುಂಬುವುದು ಆಮೇಲಿನ ಮಳೆಗೆ. ಮಳೆ ಕೈಕೊಟ್ಟ ವರ್ಷ ಎರಡು ಕಡೆಯ ರೈತರೂ ಸುಳ್ಳು ಹೇಳದೆಯೇ ಜಗಳವಾಡಬಹುದು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ಣಯ: ತಮಿಳುನಾಡಿಗೆ 404.25 ಟಿ.ಎಂ.ಸಿ., ಕರ್ನಾಟಕಕ್ಕೆ 284.75. ಕರ್ನಾಟಕಕ್ಕೆ ಹೆಚ್ಚಿಸಿ ಕೊಟ್ಟ ಪಾಲಿನಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಕುಡಿಯುವ ನೀರಿಗೆ. 1974ರಿಂದ ಈ ನೀರು ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಿಂದ ಬೆಟ್ಟವೇರಿ ನಗರಕ್ಕೆ ಬರುತ್ತಿದೆ. ಹೀಗೆ ನಲ್ಲಿ ತಿರುಗಿಸುವ ನಗರವಾಸಿಯೂ ಈ ವ್ಯಾಜ್ಯದಲ್ಲಿ ಒಬ್ಬ ಕಕ್ಷಿಗಾರ. ಅವನಿಗೆ ಅದು ನೆನಪಿರುವುದು ನೀರು ನಿಂತ ದಿನ ಮಾತ್ರ.

ಒಡೆಯರ ಕಾಲದ ನಾಲೆಗಳು ಇಂದಿಗೂ ಹರಿಯುತ್ತಿವೆ. ಸಾಗರಕ್ಕಿಂತ ಕೆಳಗಿರುವುದರಿಂದ, ಬಲಮುರಿಯ ಕಟ್ಟೆ ಬೇಸಗೆಯಲ್ಲಿ ಕಾಯುವುದು ಈಗ ಕೊಡಗಿನ ಮಳೆಯನ್ನಲ್ಲ, ಕನ್ನಂಬಾಡಿಯ ಬಾಗಿಲು ತೆರೆಯುವುದನ್ನು.