ಪುಸ್ತಕ ಮಗುವಿನ ಕೈಗೆ ಬಂದ ಬಗೆ

ಮೂಡುಬಿದಿರೆಯ ಬಸದಿಯಲ್ಲಿ ಧವಳಾ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಯಾತ್ರಿಕರು ದೂರದಿಂದ ಬಂದು, ಅವುಗಳ ದರ್ಶನ ಪಡೆದು ಕೈಮುಗಿಯುತ್ತಿದ್ದರು, ಓದಬಲ್ಲವರು ವಿರಳ. ಹಳೆಯ ಕನ್ನಡ ಲಿಪಿಯ ಆ ಗರಿಗಳಿಂದ ನಕಲು ತೆಗೆಯುವ ಕೆಲಸ ಮೊದಲಾದದ್ದು 19ನೆಯ ಶತಮಾನದ ಕೊನೆಗೆ. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಗ್ರಂಥ ಉಳಿದದ್ದು ಆ ಭಕ್ತಿಯಿಂದಲೇ, ನಿಜ. ಆದರೆ ಗ್ರಂಥವಿದ್ದ ಊರಿನಲ್ಲೆಲ್ಲ ಓದುವ ಅಭ್ಯಾಸವೂ ಇತ್ತೆಂದು ಹೇಳಲಾಗದು.

ಹಿಂದಿನ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಪುಟ ಮುಚ್ಚಿದರೂ ಪಾಠ ಒಪ್ಪಿಸಬಲ್ಲ ಹುಡುಗ ಹೊಸ ಪುಟ ಕಂಡರೆ ತಡವರಿಸುವುದುಂಟು. (ಈ ಕಾಯಿಲೆ ಇನ್ನೂ ಪೂರ್ತಿ ವಾಸಿಯಾಗಿಲ್ಲವೆಂದು ಯಾವ ಅಧ್ಯಾಪಕರಾದರೂ ಹೇಳಿಯಾರು.) ಬಂಟ್ವಾಳ, ಬೆಳ್ತಂಗಡಿಯ ಕಡೆ ಇನ್ನೊಂದು ತೊಡಕೂ ಇದೆ. ಬಹುಪಾಲು ಮಕ್ಕಳ ಮನೆಮಾತು ತುಳು. ಕೆಲವರದು ಕೊಂಕಣಿ, ಬ್ಯಾರಿ. ಕನ್ನಡ ಶಾಲೆಯ ಭಾಷೆ. ಅಕ್ಷರ ಕೂಡಿಸಿ ಪದ ಉಚ್ಚರಿಸಿದ ಮಾತ್ರಕ್ಕೆ ಅರ್ಥ ಹೊಳೆಯುವುದಿಲ್ಲ.

ಈ ತೊಡಕನ್ನು ಬಾಲ್ಯದಿಂದಲೇ ಬಲ್ಲವರು ಪಂಜೆ ಮಂಗೇಶರಾಯರು. ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಅವರು ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದುಡಿದರು. ಇನ್ಸ್‌ಪೆಕ್ಟರರೆಂದರೆ ಮಕ್ಕಳಿಗಿರಲಿ, ಮೇಷ್ಟರಿಗೇ ನಡುಕ. ಪಂಜೆಯವರಾದರೋ ಮಕ್ಕಳಿಗೆ ಕಥೆ ಹೇಳುವವರು, ಹಾಡುವವರು. ಪಠ್ಯಪುಸ್ತಕ ಮುಗಿದ ಮೇಲೆ ಮಗು ತಾನಾಗಿ ಓದಲು ಏನಿದೆ? ಆಗ ಕನ್ನಡದಲ್ಲಿ ಅಂಥದ್ದು ಬಲು ಕಡಿಮೆ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಆರಂಭಿಸಿ, ಮಕ್ಕಳ ಪುಸ್ತಕಗಳನ್ನೇ ಹೊರತರಲು ಅವರು ತೊಡಗಿದರು.

ಅವರ ‘ಮೂರು ಕರಡಿಗಳು’ ಇಂಗ್ಲಿಷಿನಿಂದ ಬಂದ ಕಥೆ. ದೊಡ್ಡ ಕರಡಿ, ನಡುವಣ ಕರಡಿ, ಮರಿ ಕರಡಿ: ನಡೆದದ್ದೇ ಮೂರು ಸಲ ನಡೆಯುತ್ತದೆ. ಎರಡನೆಯ ಸಲಕ್ಕೇ ಮಗು ಮುಂದಿನ ಮಾತನ್ನು ಊಹಿಸುತ್ತದೆ. ಊಹೆ ಸರಿಯೇ ಎಂದು ನೋಡಲು ಅಕ್ಷರದ ಕಡೆ ಕಣ್ಣು ಹಾಯಿಸುತ್ತದೆ. ಯಾರೂ ಓದೆಂದು ಹೇಳಬೇಕಾಗಿಲ್ಲ. ‘ನಾಗರಹಾವೆ’ ಪದ್ಯದ ಗಿಡ್ಡ ಸಾಲುಗಳ ಗುಟ್ಟೂ ಇದೇ. ಕಿವಿಗೆ ಮೊದಲೇ ಪರಿಚಯವಾದ ಪದ ಅಚ್ಚಿನಲ್ಲಿ ಕಂಡಾಗ ಮಗುವಿಗೆ ಗುರುತು ಸಿಗುತ್ತದೆ. ಪಂಡಿತರು ಇದನ್ನೆಲ್ಲ ಹುಡುಗಾಟವೆಂದುಕೊಳ್ಳಬಹುದಿತ್ತು. ಆದರೆ 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಸಂದದ್ದು ಇದೇ ಪಂಜೆಯವರಿಗೆ. ಅವರು ತೀರಿಕೊಂಡದ್ದು 1937ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಇದೇ ಜಿಲ್ಲೆಯ ಶಿವರಾಮ ಕಾರಂತರ ‘ಬಾಲಪ್ರಪಂಚ’ ಬಂದಿತ್ತು; ಪ್ರಶ್ನೆ ಕೇಳುವ ಹುಡುಗನಿಗೆ ಒಬ್ಬನೇ ಕುಳಿತು ಓದಲು ಮೂರು ಸಂಪುಟಗಳು.

ತರಗತಿಯ ಪಾಠಕ್ರಮ ಈ ದಾರಿಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಮೊದಲಾಯಿತು. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಮುಂದೆ ಈ ಕ್ರಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಪಂಜೆಯವರ ಬಂಟ್ವಾಳಕ್ಕೂ ಬಂತು. ಅಲ್ಲಿ ತುಳು ಮನೆಮಾತಿನ ಮಗುವಿಗೆ ಕಾರ್ಡಿನ ಮೇಲಿನ ಚಿತ್ರ ಮೊದಲು ತುಳುವಿನಲ್ಲೇ ಹೆಸರು ಹೇಳಿಕೊಳ್ಳುತ್ತದೆ, ಆಮೇಲೆ ಕನ್ನಡದಲ್ಲಿ.