ಜಾನಪದ ಲೋಕದ ಧ್ವನಿಸಂಗ್ರಹ

ಆಡಳಿತ ಸೇವೆಯಲ್ಲಿದ್ದೂ ಜನಪದ ಸಾಹಿತ್ಯದಲ್ಲಿ ಅನನ್ಯ ನಿಷ್ಠೆಯನ್ನಿರಿಸಿಕೊಂಡಿದ್ದ ಎಚ್. ಎಲ್. ನಾಗೇಗೌಡರು (1915–2005) ಗ್ರಾಮಗಾಯಕರ ಕಂಠದಿಂದಲೇ ಧ್ವನಿಮುದ್ರಿಸಿದ ಹಾಡು, ಕಥನಕಾವ್ಯಗಳ ಸಂಚಯ. 1979ರಲ್ಲಿ ಅವರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನ ಆಶ್ರಯದಲ್ಲಿ, ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಮೈದಳೆದ ಜಾನಪದ ಲೋಕದಲ್ಲಿ ಇದು ರಕ್ಷಿತವಾಗಿದೆ. ಲಿಖಿತ ಪಾಠದಲ್ಲಿ ಪದವುಳಿದರೂ ಧಾಟಿ, ಉಸಿರಿನ ನಿಲುಗಡೆ, ಸೊಲ್ಲೆತ್ತಿಕೊಡುವವರ ದನಿ, ಹಿಮ್ಮೇಳದ ಅನುರಣನ, ಪ್ರಾಂತಭೇದದ ಉಚ್ಚಾರಣೆ ಇವೆಲ್ಲ ಲುಪ್ತವಾಗುವುದರಿಂದ, ಕಾಂತಪಟ್ಟಿಯ ಮೇಲುಳಿದ ಈ ಕಂಠಗಳೇ ಮುದ್ರಿತ ಸಂಕಲನಗಳಿಗಿಂತ ಪೂರ್ಣತರವಾದ ಪ್ರಮಾಣವೆನ್ನಬೇಕು. ಅವರ ‘ಸೋಬಾನೆ ಚಿಕ್ಕಮ್ಮನ ಪದಗಳು’ ಗ್ರಂಥವಾದರೋ ಹಾಡುಗಾರ್ತಿಯ ಹೆಸರನ್ನೇ ಶಿರೋನಾಮೆಯಾಗಿ ಧರಿಸಿದೆ; ಅಜ್ಞಾತನಾಮರೆಂದು ಹಾಡುಗಾರರನ್ನು ಕೈಬಿಡುವ ಸಂಗ್ರಾಹಕರ ರೂಢಿಗೆ ಇದು ಯೋಗ್ಯವಾದ ತಿದ್ದುಪಡಿ. ಜೋಗಿ, ನೀಲಗಾರ, ಕಂಸಾಳೆ ಮೊದಲಾದ ವೃತ್ತಿಗಾಯಕ ಪರಂಪರೆಗಳ ಅಭ್ಯಾಸಿಗಳಿಗೆ ಇಂಥ ಧ್ವನಿಸಂಚಯ ಅನಿವಾರ್ಯ ಆಕರ.