ಅವಿಭಾಜ್ಯ ಸಂಖ್ಯೆಯ ಅಪವರ್ತನಗಳು
ಅವಿಭಾಜ್ಯ ಸಂಖ್ಯೆಗೆ ಅಪವರ್ತನಗಳು ಎರಡೇ: 1 ಮತ್ತು ಅದೇ ಸಂಖ್ಯೆ. 97ರ ಅಪವರ್ತನಗಳು 1 ಮತ್ತು 97. ಉತ್ತರ ಸುಲಭ, ಶ್ರಮವೆಲ್ಲ ಸಂಖ್ಯೆ ನಿಜಕ್ಕೂ ಅವಿಭಾಜ್ಯವೇ ಎಂದು ಪರೀಕ್ಷಿಸುವುದರಲ್ಲಿದೆ. ಅದಕ್ಕಾಗಿ 96ರವರೆಗೂ ಭಾಗಿಸುತ್ತ ಕೂರಬೇಕಿಲ್ಲ. ಯಾವುದೇ ಸಂಖ್ಯೆಯನ್ನು ಎರಡು ಅಪವರ್ತನಗಳ ಗುಣಲಬ್ಧವಾಗಿ ಬರೆದರೆ ಅವುಗಳಲ್ಲಿ ಚಿಕ್ಕದು ಆ ಸಂಖ್ಯೆಯ ವರ್ಗಮೂಲವನ್ನು ಮೀರದು. 97ರ ವರ್ಗಮೂಲ 10ಕ್ಕಿಂತ ಕಡಿಮೆ; ಆದ್ದರಿಂದ 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು. ಶೇಷ ಕ್ರಮವಾಗಿ 1, 1, 2, 6. ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು. ವಿದ್ಯಾರ್ಥಿಗಳು ಹೆಚ್ಚಾಗಿ ಮೋಸಹೋಗುವುದು 91ರಲ್ಲಿ: ನೋಟಕ್ಕೆ ಅವಿಭಾಜ್ಯ, ಆದರೆ ಅದು 7 × 13. ಸಮಸಂಖ್ಯೆಗಳಲ್ಲಿ 2 ಮಾತ್ರ ಅವಿಭಾಜ್ಯ. 1ಕ್ಕೆ ಒಂದೇ ಅಪವರ್ತನ ಇರುವುದರಿಂದ ಅದು ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ.